ಭೋಂಗಾ ಕೂಗಿದ ಮೇಲಿನ ಹೊತ್ತು

ಹೀರಾಬಾಯಿಯನ್ನು ಕಲ್ಲು ಕೊಂದಿತು ಎಂದು ಬರೆದುಕೊಂಡಿದ್ದಾರೆ. ಸುಳ್ಳು. ಕಲ್ಲಿನ ಖಣಿಯಲ್ಲಿ ಭೋಂಗಾ, ಅಂದರೆ ಸೈರನ್ನು, ಕೂಗಿದ ಮೇಲೆ, ಸುರಂಗದ ಮದ್ದು ಹಾರಿಸುವ ಮೊದಲು, ಒಂದಿಷ್ಟು ಹೊತ್ತು ಕಾಯಬೇಕು. ಕೆಳಗಿದ್ದವರು ಮೇಲೆ ಬರಲಿ ಎಂದು ಇಟ್ಟ ಹೊತ್ತು ಅದು. ಆ ಹೊತ್ತನ್ನು ಕತ್ತರಿಸಿದರು. ಲಾರಿಗಳು ಸುಮ್ಮನೆ ನಿಲ್ಲುತ್ತವೆ ಎಂದು ಕತ್ತರಿಸಿದರು. ಯಾರಿಗೂ ಹೇಳದೆ ಕತ್ತರಿಸಿದರು. ಹೆಂಗಸು ಸತ್ತ ಮೇಲೆ, ಅವಳಿಗೆ ಕಿವಿ ಕೇಳುತ್ತಿರಲಿಲ್ಲ ಎಂದರು.

ಅವಳ ಕಿವಿ ನೆಟ್ಟಗಿತ್ತು. ಎಷ್ಟು ನೆಟ್ಟಗಿತ್ತು ಎಂದರೆ, ಸತ್ತ ಮೇಲೂ ಕಿವಿಗೊಟ್ಟು ನಿಂತಿದ್ದಳು.

ಇದು ನಮ್ಮ ಚಿಕ್ಕವ್ವನ ಮಗ ಸಾಯಿಕುಮಾರನಿಗೆ ಆದದ್ದು. ಊರು ರಾವೂರ. ಸಂತೆಯಲ್ಲಿ ಕೇಳಿಕೊಂಡು ಬಂದ ಮಾತಲ್ಲ. ಬಾಗಿಲು ಮುಂದೆ ಮಾಡಿಕೊಂಡು ಹತ್ತಿರ ಕೂತು ಕೇಳಿ.

ಹೀರಾಬಾಯಿಯ ಮಣ್ಣಾಗಿ ಇನ್ನೂ ವಾರ ಆಗಿರಲಿಲ್ಲ. ಮನೆಯಲ್ಲಿ ಕೂಡಲಾರದೆ ಸಾಯಿ ಶಹಾಬಾದಿನ ಗೆಳೆಯನ ಕಡೆ ಹೋಗಿದ್ದ. ಅಲ್ಲೂ ಕೂಡಲಾಗಲಿಲ್ಲ. ತಿರುಗಿ ವಾಡಿಗೆ ಬಂದು ಇಳಿದಾಗ ಕೊನೆಯ ಟಂಟಂ ಆಟೋ ಹೋಗಿಬಿಟ್ಟಿತ್ತು. ನಡೆದ. ಬೆನ್ನಿಗೆ ಚೀಲ, ಚೀಲದಲ್ಲಿ ಅವನ ಗೇಮಿನ ಡಬ್ಬಿ. ಎರಡೂ ಕೈಯಲ್ಲಿ ಹಿಡಿದು ಆಡುವಂಥದ್ದು, ನಡುವೆ ಪರದೆ, ಅಕ್ಕಪಕ್ಕ ಗುಂಡಿ. ಎಲ್ಲಿ ಹೋದರೂ ಅದು ಜೊತೆಗೆ ಇರಬೇಕು.

ರಸ್ತೆ ಬಿಟ್ಟು ಒಳದಾರಿ ಹಿಡಿದರೆ ಆಲದ ಮರ ಬರುತ್ತದೆ. ಅದರ ಎಲೆ ಹಸಿರು ಕಂಡವರಿಲ್ಲ, ಯಾವಾಗಲೂ ಬಿಳಿ ಪುಡಿ. ಮರ ದಾಟಿದರೆ ಖಣಿಯ ಅಂಚು. ಸಾಯಿ ತಲೆ ಬಗ್ಗಿಸಿ ಜೋರಾಗಿ ಹೆಜ್ಜೆ ಹಾಕುತ್ತಿದ್ದ.

ಕರಕ್...

ನಿಂತ.

ಕರಕ್... ಕರಕ್...

ಕಲ್ಲಿಗೆ ಬಳೆ ಉಜ್ಜುವ ಸದ್ದು. ಮುಂಗೈಯಿಂದ ತೋಳಿನ ತನಕ ಬಳೆ ಹಾಕಿಕೊಂಡ ಹೆಂಗಸು, ಕೈ ಊರಿ ಊರಿ ಕಡಿದಾದ ಕಲ್ಲಿನ ಮೆಟ್ಟಿಲು, ಪಾವಟಿಗೆ, ಇಳಿದರೆ ಆಗುವ ಸದ್ದು. ಒಂದು ಹರಳು ಜಾರಿತು, ಸರ್ರ್... ಬಹಳ ಕೆಳಗೆ ಹೋಗಿ ಟಕ್ ಅಂದಿತು. ಆಮೇಲೆ ಕೂಗು. ಜೋರೂ ಇಲ್ಲ, ಅಳುವೂ ಇಲ್ಲ. ದಿನಾ ಕೂಗುವ ಹಾಗೆ.

"ಯಾರಾರ ಅದೀರೇನು ಕೆಳಗ...? ಓ ಅನ್ರಿ...!"

ಆಮೇಲೆ ಸದ್ದಿಲ್ಲ. ಆ ಸದ್ದಿಲ್ಲದ್ದು ಬರಿದಲ್ಲ ಎಂದು ಸಾಯಿಗೆ ಗೊತ್ತಾಯಿತು. ಯಾರೋ ಒಬ್ಬರು ತಲೆ ಓರೆ ಮಾಡಿ, ಉಸಿರು ಹಿಡಿದು, ಉತ್ತರಕ್ಕೆ ಕಾಯುತ್ತಿದ್ದರು.

ಓ ಅನ್ನಬೇಕಾದವನು ಅವನೇ. ಅನ್ನಲಿಲ್ಲ. ಓಡಿದ.

ಅನ್ನಬೇಕಾದವನು ಅವನೇ ಯಾಕೆ? ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಹೀರಾಬಾಯಿ ಲಂಬಾಣಿ ತಾಂಡಾದ ಹೆಂಗಸು, ಖಣಿಯಲ್ಲಿ ಕಲ್ಲು ಹೊರುತ್ತಿದ್ದಳು. ಅವಳ ಗಂಡ ಹಿಂದೆ ಇಂಥದೇ ಒಂದು ಖಣಿಯ ತಳದಲ್ಲಿ ಊಟ ಮಾಡಿ ನಿದ್ದೆ ಹೋಗಿದ್ದ. ಸೀಟಿ ಊದಿದರು, ಯಾರೂ ಅವನ ಹೆಸರು ಹಿಡಿದು ಕರೆಯಲಿಲ್ಲ. ಸುರಂಗ ಹಾರಿತು, ಅವನು ಏಳಲಿಲ್ಲ. ಅಂದಿನಿಂದ, ಹೀರಾಬಾಯಿ ಇದ್ದ ಖಣಿಯಲ್ಲಿ ಸೀಟಿ ಆದರೆ ಅವಳು ಕೆಳಗೆ ಇಳಿಯುವಳು. ಒಂದೊಂದು ಪಾವಟಿಗೆಗೂ ನಿಂತು ಕೂಗುವಳು. ಕೆಳಗಿದ್ದವರು ಓ ಎಂದು ಎದ್ದು ಬರಬೇಕು. ಎಲ್ಲರೂ ಬಂದಾಗಿದ್ದರೆ ಮೇಲೆ ಅಂಚಿನಲ್ಲಿ ನಿಂತವನು ಓ ಅನ್ನಬೇಕು. ಆಗ ಅವಳು ಹತ್ತಿ ಬಂದು ತಲೆಯ ಮೇಲಿನ ಓಡ್ನಿ ತೆಗೆದು ಬೀಸುವಳು. ಓಡ್ನಿ ಬೀಸದೆ ಸುರಂಗಕ್ಕೆ ಬೆಂಕಿ ಇಲ್ಲ. ಈ ಕೆಲಸ ಅವಳಿಗೆ ಯಾರೂ ಕೊಟ್ಟದ್ದಲ್ಲ, ಕೂಲಿಯಲ್ಲಿ ಸೇರಿದ್ದೂ ಅಲ್ಲ. ಆದರೆ ಅವಳ ಓಡ್ನಿ ಇದ್ದಷ್ಟು ದಿನ ಅಲ್ಲಿ ಒಬ್ಬನೂ ಸತ್ತಿರಲಿಲ್ಲ.

ಮಾಲೀಕರಿಗೆ ಒಂದು ಮುದುಕಿಯ ಓಡ್ನಿ ನೋಡಿಕೊಂಡು ಕೆಲಸ ನಡೆಸುವುದು ನಾಚಿಕೆ ಎನಿಸಿತು. ಖಣಿಯ ಎಲೆಕ್ಟ್ರಿಷಿಯನ್ ಸಾಯಿಕುಮಾರ. ಅವನಿಂದ ಒಂದು ಪೆಟ್ಟಿಗೆ ಮಾಡಿಸಿದರು. ಗುಂಡಿ ಒತ್ತಿದರೆ ಭೋಂಗಾ ಕೂಗುತ್ತದೆ, ಒಳಗೆ ಹೊತ್ತು ಓಡುತ್ತದೆ, ಮುಗಿದ ಮೇಲೆ ಸುರಂಗದವನ ಮುಂದಿನ ಕೆಂಪು ದೀಪ ಹಸಿರಾಗುತ್ತದೆ. ಹಸಿರಾದರೆ ಅವನು ಹಾರಿಸಿಬಿಡುತ್ತಾನೆ.

ಎಷ್ಟು ಹೊತ್ತು ಇಡಬೇಕು? ಸಾಯಿ ಅವತ್ತು ಸರಿಯಾದ ಕೆಲಸವನ್ನೇ ಮಾಡಿದ. ಹೀರಾಬಾಯಿಯನ್ನೇ ಇಳಿಸಿ, ಕೂಗಿಸಿ, ಹತ್ತಿಸಿ, ಮೊಬೈಲ್ ಹಿಡಿದು ಅಳೆದ.

"ಏನೋ ತಮ್ಮಾ, ಹೆಣ್ಣು ನೋಡ್ಲಿಕ್ಕ ಬಂದವ್ರು ಹುಡುಗೀನ ನಡಿಸಿ ನೋಡಿದಂಗ ಮಾಡ್ಲಿಕತ್ತೀ!" ಎಂದು ಅವಳು ಏದುಸಿರು ಬಿಡುತ್ತ ನಕ್ಕಳು. "ಮೊಣಕಾಲ ನೋಯ್ತಾವ. ಜರಾ ಜಾಸ್ತಿ ಇಡು."

ಜಾಸ್ತಿಯೇ ಇಟ್ಟ. ಪೆಟ್ಟಿಗೆ ಬಂದ ಮೇಲೂ ಅವಳು ಇಳಿದು ಕೂಗುವುದನ್ನು ಬಿಡಲಿಲ್ಲ.

ಆಮೇಲೆ ಈ ಗೇಮಿನ ಡಬ್ಬಿ ಬಂತು. ಹೈದರಾಬಾದಿನಲ್ಲಿ ಯಾರೋ ಬಳಸಿ ಮಾರಿದ್ದು. ಹೊಸ ಗೇಮು ಹಾಕಿದರೆ ಎಡವುತ್ತ ಎಡವುತ್ತ ಓಡುತ್ತಿತ್ತು. ಸಾಯಿ ವಿಡಿಯೋ ನೋಡಿ ನೋಡಿ ಅದರ ಹೊಟ್ಟೆಯೊಳಗಿನ ಸೆಟ್ಟಿಂಗು ಬಿಚ್ಚಿದ. ಮೆಮೊರಿ ಟೈಮಿಂಗ್ ಅನ್ನುತ್ತಾರೆ ಅದಕ್ಕೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಅದರಲ್ಲೇ ಮುಳುಗಿರುತ್ತಿದ್ದ. ಒಂದು ದಿನ ಕೂಲಿಯವರ ಮೇಲಿನ ಮುಕಾದಮ ಮಡಿವಾಳಯ್ಯ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಏನ್ ಮಾಡ್ಲಿಕತ್ತೀಯೋ?"

"ಮೆಮೊರಿ ಬಿಗಿ ಮಾಡ್ಲಿಕತ್ತೀನ್ರಿ. ಇದು ಕೇಳ್ತದ, ಮೆಮೊರಿ ಕೊಡ್ತದ. ಕೇಳಿದ್ದಕ್ಕೂ ಕೊಡೋದಕ್ಕೂ ನಡುವ ಕಂಪನಿಯವ್ರು ಜರಾ ತಡಾ ಇಟ್ಟಿರ್ತಾರ. ಆ ತಡಾ ಕಡಿಮಿ ಮಾಡಿದ್ರ ಗೇಮು ಜಲ್ದಿ ಓಡ್ತದ."

"ಸುಮ್ನ ಇಟ್ಟಿರ್ತಾರ?"

"ಸುಮ್ನ ಅಲ್ರಿ. ಎಲ್ಲಾ ಚಿಪ್ಪು ಒಂದೇ ನಮೂನಿ ಇರಂಗಿಲ್ಲ. ಭಾಳ ನಿಧಾನಿ ಚಿಪ್ಪಿಗೂ ಸಾಕಾಗ್ಲಿ ಅಂತ ಇಟ್ಟಿರ್ತಾರ. ಒಂದ ಸಲಕ್ಕ ಒಂದ ಮನಿ, ಅಂದ್ರ ಒಂದ ಅಂಕಿ, ಇಳಸೋದು, ಓಡಿಸಿ ನೋಡೋದು. ಏನೂ ಆಗಲಿಲ್ಲಾ ಅಂದ್ರ ಮತ್ತೊಂದು ಮನಿ."

"ಏನರ ಆತು?"

"ಏನೂ ಆಗಿಲ್ಲ, ನೋಡ್ರಿ ಹೆಂಗ ಓಡ್ಲಿಕತ್ತದ!"

ಮಡಿವಾಳಯ್ಯ ಎಲೆ ಅಡಿಕೆ ಉಗುಳಿ ಬಾಯಿ ಒರೆಸಿಕೊಂಡ. "ಹಂಗಾದ್ರ ನಮ್ಮ ಭೋಂಗಾದ್ದೂ ಒಂದ ಮನಿ ಇಳಸು. ಲಾರಿಯವ್ರು ನನ್ನ ತೆಲಿ ತಿನ್ಲಿಕತ್ತಾರ."

ಇಳಿಸಿದ. ಏನೂ ಆಗಲಿಲ್ಲ. ಮತ್ತೊಂದು ವಾರ ಮತ್ತೊಂದು ಮನೆ. ಏನೂ ಆಗಲಿಲ್ಲ. ಡಬ್ಬಿಯನ್ನು ಬಿಗಿ ಮಾಡಿದ ಹಾಗೆಯೇ ಆ ಪೆಟ್ಟಿಗೆಯನ್ನೂ ಬಿಗಿ ಮಾಡುತ್ತ ಹೋದ. ಅತ್ತ ಹೀರಾಬಾಯಿ ಅಂಚು ಹತ್ತಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಂದೆ ಧಡ್ಲ್ ಅನ್ನತೊಡಗಿತು.

"ಇತ್ತಿತ್ಲಾಗ ಜಲ್ದಿ ಆಗ್ಲಿಕತ್ತದಲ್ಲೋ ತಮ್ಮಾ?" ಎಂದು ಕೇಳಿದಳು.

"ಇಲ್ಲ ಆಯಿ. ನಿನ್ನ ಮೊಣಕಾಲ ನಿಧಾನ ಆಗ್ಯಾವ."

ಅವಳು ನಂಬಿದಳು. ಮೊಣಕಾಲಿಗೆ ಬೈದುಕೊಂಡು, ಮರುದಿನದಿಂದ ಓಡುತ್ತ ಇಳಿಯತೊಡಗಿದಳು. ಇದನ್ನು ಕೇಳಿ ನಿಮಗೆ ಏನೂ ಅನಿಸದಿದ್ದರೆ ಇಲ್ಲಿಗೇ ಎದ್ದು ಹೋಗಿ.

ಟೈಮಿಂಗನ್ನು ಒಂದು ಮನೆ ಹೆಚ್ಚಿಗೆ ಬಿಗಿ ಮಾಡಿದರೆ ಡಬ್ಬಿಯ ಪರದೆ ಕಪ್ಪಾಗುತ್ತದೆ. ಗುಂಡಿ ಒತ್ತಿ ಹಿಡಿದರೆ ಹಳೆಯದಕ್ಕೆ ತಿರುಗುತ್ತದೆ. ಖಣಿಗೆ ಅಂಥ ಗುಂಡಿ ಇರಲಿಲ್ಲ. ಕೊನೆಯ ಮನೆ ಇಳಿಸಿದ ದಿನ ಕೆಳಗೆ ಯಾರೂ ಇರಲಿಲ್ಲ, ಎಲ್ಲರೂ ಮೇಲೆ ಬಂದಾಗಿತ್ತು. ಹೀರಾಬಾಯಿ ಖಾಲಿ ಖಣಿಗೆ ಕೂಗಿದಳು. ಪೆಟ್ಟಿಗೆಯ ಪಕ್ಕ, ಅಂಚಿನಲ್ಲಿ ನಿಂತಿದ್ದವನು ಸಾಯಿ. ಓ ಅನ್ನಬೇಕಾದವನು ಅವನು. ಕೂಗು ಕೇಳಿಸಿತ್ತು. ಕೈಯಲ್ಲಿ ಗೇಮು ಇತ್ತು, ಇದೊಂದು ಮುಗಿಯಲಿ ಅಂದುಕೊಂಡ. ಅವಳು ಉತ್ತರಕ್ಕೆ ಕಾಯುತ್ತ ನಿಂತಳು.

ದೀಪ ಹಸಿರಾಯಿತು.

ಈಗ ತಿಳಿಯಿತಲ್ಲ, ಆ ರಾತ್ರಿ ಅವನು ಯಾಕೆ ಓಡಿದ ಎಂದು.

ಮನೆಗೆ ಬಂದು ಬಾಗಿಲು ಹಾಕಿಕೊಂಡ. ಅವನ ತಾಯಿ, ನಮ್ಮ ಚಿಕ್ಕವ್ವ ಶಿವಕಾಂತಮ್ಮ, "ಯಾಕೋ, ನಾಯಿ ಬೆನ್ನ ಹತ್ತಿತ್ತೇನು?" ಎಂದಳು. ಅವನು ಚೀಲ ಇಳಿಸಿದ. ಎದೆ ಹತೋಟಿಗೆ ಬರಲಿ ಎಂದು ಡಬ್ಬಿ ಹಚ್ಚಿದ.

ಪರದೆ ಕಪ್ಪು. ಒಳಗಿನ ಚಿಕ್ಕ ಫ್ಯಾನು ಜುಂಯ್ ಎಂದು ತಿರುಗತೊಡಗಿತು. ಪರದೆ ಕಪ್ಪಾಗಿಯೇ ಇತ್ತು...

ಕರಕ್... ಕರಕ್...

ಡಬ್ಬಿಯ ಸ್ಪೀಕರಿನಿಂದ. ಬಹಳ ಸಣ್ಣಗೆ.

"ಯಾರಾರ ಅದೀರೇನು ಕೆಳಗ...? ಓ ಅನ್ರಿ...!"

ಆಮೇಲೆ ಬರೀ ಫ್ಯಾನಿನ ಜುಂಯ್. ಒಂದಿಷ್ಟು ಹೊತ್ತಾದ ಮೇಲೆ ಗೇಮಿನ ಸಂಗೀತ ದಿನದ ಹಾಗೆ ಬಂತು, ಪರದೆ ಬೆಳಗಿತು.

ಮೆಮೊರಿ ಕೆಟ್ಟಿದೆ ಎಂದುಕೊಂಡ. ಬಿಗಿ ಮಾಡಿದ್ದನ್ನೆಲ್ಲ ಬಿಚ್ಚಿ ಕಂಪನಿ ಕೊಟ್ಟಂತೆ ಇಟ್ಟ. ಹಚ್ಚಿದ. ಅದೇ ಕಪ್ಪು, ಅದೇ ಹೊತ್ತು. ಮತ್ತೆ ಬಿಗಿ ಮಾಡಿದ. ಅದೇ ಹೊತ್ತು. ಏನು ಇಟ್ಟರೂ ಅಷ್ಟೇ. ಆ ಹೊತ್ತು ಎಷ್ಟೆಂದು ಅವನಿಗೆ ಗಡಿಯಾರ ನೋಡದೆಯೇ ಗೊತ್ತಾಯಿತು. ಅವನೇ ಅಳೆದದ್ದು. ಒಬ್ಬ ಮುದುಕಿ ಇಳಿದು, ಕೂಗಿ, ಹತ್ತಿ ಬರುವಷ್ಟು. ಆದರೆ ಇಳಿಯುವ ಬಳೆಯ ಸದ್ದು ಇತ್ತು, ಕೂಗು ಇತ್ತು... ಹತ್ತುವ ಸದ್ದು ಮಾತ್ರ ಇರಲಿಲ್ಲ. ಯಾವ ರಾತ್ರಿಯೂ ಇರಲಿಲ್ಲ.

ಹೀರಾಬಾಯಿಯ ಮಗಳು ರಾಧಿಕಾ ಮನೆಗೆ ಬಂದಳು. ಕುಂದ್ರು ಅಂದರೂ ಕೂಡಲಿಲ್ಲ. ತಾಯಿಗೆ ಅವಳು ಯಾಡಿ ಅನ್ನುತ್ತಿದ್ದಳು.

"ಅಣ್ಣಾ, ಒಂದ ಮಾತು ಕೇಳ್ತೀನಿ. ನಮ್ ಯಾಡಿ ಇಳಿದ ದಿನ ನಿನ್ನ ಪೆಟ್ಟಿಗ್ಯಾಗ ಎಷ್ಟು ಹೊತ್ತು ಇಟ್ಟಿದ್ದಿ?"

"ಮುಕಾದಮರಿಗೆ ಕೇಳು, ತಂಗೀ."

"ಕೇಳೀನಿ. ಯಾಡಿಗೆ ಕಿವಿ ಕೇಳಂಗಿಲ್ಲ ಅಂದ್ರು. ನಮ್ ಯಾಡಿ ತಾಂಡಾದಾಗ ರೊಟ್ಟಿ ಬಡೀತಾ ಕುಂತು, ವಾಡಿಗೆ ಯಾವ ರೈಲು ಗಾಡಿ ಬಂತು ಅಂತ ಹೇಳ್ತಿದ್ಲು." ಅವಳು ಅಳಲಿಲ್ಲ. "ಗುರುವಾರ ವಿಚಾರಣೆಗೆ ಸಾಹೇಬ್ರು ಬರ್ತಾರ. ಅವ್ರ ಮುಂದ ನೀ ಖರೆ ಹೇಳಿದ್ರ ಯಾಡಿ ಮ್ಯಾಲಿನ ಮಾತು ಹೋಗ್ತದ. ಇಲ್ಲಾಂದ್ರ ತನ್ನ ತಪ್ಪಿಗೆ ತಾನೇ ಸತ್ತಳು ಅಂತ ಉಳೀತದ. ಹೇಳ್ತೀ?"

ಸಾಯಿ ನೆಲ ನೋಡಿದ. ರಾಧಿಕಾ ನಿಂತಳು. ಅವಳ ತಾಯಿ ನಿಂತ ಹಾಗೆಯೇ ನಿಂತಳು. ಬಹಳ ಹೊತ್ತಾದ ಮೇಲೆ ಹೋದಳು.

ಮಡಿವಾಳಯ್ಯ ಅದೇ ಸಂಜೆ ಫೋನ್ ಮಾಡಿದ. "ಆಕಿ ಬಂದಿದ್ಲಂತಲ್ಲ? ನೆನಪಿಡು ತಮ್ಮಾ. ಮನಿ ಇಳಿಸಿದ್ದು ನಿನ್ನ ಬೆರಳು. ನಂದಲ್ಲ."

ಎರಡು ರಾತ್ರಿ ಡಬ್ಬಿ ಹಚ್ಚಲೇ ಇಲ್ಲ. ಆದರೂ ಆ ಹೊತ್ತು ಬಂತು. ಬಟನ್ ಒತ್ತಿದ ಮೇಲೆ ದೀಪ ಹತ್ತಲಿಕ್ಕೆ ಅಷ್ಟೇ ಹೊತ್ತು. ನಳ ತಿರುಗಿಸಿದ ಮೇಲೆ ನೀರು ಬೀಳಲಿಕ್ಕೆ ಅಷ್ಟೇ ಹೊತ್ತು. ತಾಯಿ ಮುಟ್ಟಿದರೆ ತಕ್ಷಣ ಹತ್ತುತ್ತದೆ, ತಕ್ಷಣ ಬೀಳುತ್ತದೆ. ಇವನು ಮುಟ್ಟಿದರೆ ಮಾತ್ರ... ಕರಕ್... ಕರಕ್...

ಆಗ ಅವನಿಗೆ ತಿಳಿಯಿತು. ಅವಳು ಹೆದರಿಸಲಿಕ್ಕೆ ಬಂದವಳಲ್ಲ. ಯಾರೂ ಓ ಅಂದಿಲ್ಲ. ಅದಕ್ಕೇ ಹತ್ತಿ ಬಂದಿಲ್ಲ. ಒಬ್ಬ ಕೆಳಗೆ ಉಳಿದಿದ್ದಾನೆ ಎಂದು ಇನ್ನೂ ಹುಡುಕುತ್ತಿದ್ದಾಳೆ.

ಬುಧವಾರ ರಾತ್ರಿ ಚಪ್ಪಲಿ ಮೆಟ್ಟಿಕೊಂಡು ಹೊರಟ. ಆಲದ ಮರ ದಾಟಿದ. ಗಾಳಿ ಇರಲಿಲ್ಲ. ಅಂಚಿನಲ್ಲಿ, ತಾನು ಅವತ್ತು ನಿಂತ ಜಾಗದಲ್ಲೇ ನಿಂತ.

ಕರಕ್... ಕರಕ್... ಸರ್ರ್... ಟಕ್.

"ಯಾರಾರ ಅದೀರೇನು ಕೆಳಗ...? ಓ ಅನ್ರಿ...!"

ಸಾಯಿ ಬಾಯಿ ತೆರೆದು, ಹೊಟ್ಟೆಯಿಂದ ಎಳೆದು, ಓ ಅಂದ.

ದನಿ ಬರಲಿಲ್ಲ.

ಮತ್ತೆ ಅಂದ. ಬಾಯಿಯಿಂದ ಉಸಿರು ಹೊರಬಿತ್ತು, ದನಿ ಇಲ್ಲ. ಕೆಳಗೆ ಅವಳು ಕಾಯುತ್ತಿದ್ದಳು. ಇವನು ಮೇಲೆ ಕಾದ. ಅಷ್ಟು ಹೊತ್ತು ಪೂರ್ತಿ ಆಯಿತು. ಆಗ ಖಣಿಯ ತಳದಿಂದ, ಬಹಳ ಆಳದಿಂದ, ಅವನದೇ ದನಿ ಎದ್ದು ಬಂತು.

"ಓ..."

ಬಳೆ ಸದ್ದು ತಿರುಗಿತು. ಹತ್ತತೊಡಗಿತು. ಕರಕ್... ನಿಂತು ಉಸಿರು... ಕರಕ್... ಮೊಣಕಾಲಿಗೆ ಬೈದ ಮಾತು ಅರೆಬರೆ ಕೇಳಿಸಿತು. ಅಂಚಿಗೆ ಬಂತು. ಓಡ್ನಿಯ ಕನ್ನಡಿ ಚೂರುಗಳು ಕಿಣಿಕಿಣಿ ಅಂದವು. ಕಲ್ಲಿನ ಪುಡಿ, ಬೆವರು, ತಂಬಾಕು ಬೆರೆತ ವಾಸನೆ ಅವನ ಮಗ್ಗುಲಿಂದ ದಾಟಿ ತಾಂಡಾದ ದಾರಿ ಹಿಡಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ.

ಮನೆಗೆ ಬಂದು ಡಬ್ಬಿ ಹಚ್ಚಿದ. ತಕ್ಷಣ ಬೆಳಗಿತು. ಮುಗಿಯಿತು ಎಂದುಕೊಂಡ. ನಾಳೆ ಖರೆ ಹೇಳುತ್ತೇನೆ, ಏನಾದರೂ ಆಗಲಿ ಎಂದುಕೊಂಡ. ಸತ್ತವಳ ಮಣ್ಣಾದ ಮೇಲೆ ಮೊದಲ ಸಲ ಅವನಿಗೆ ನಿದ್ದೆ ಹತ್ತಿತು.

ಬೆಳಿಗ್ಗೆ ಶಿವಕಾಂತಮ್ಮ, "ಚಾ ಕುಡೀತೀಯೇನೋ?" ಎಂದಳು. ಅವನು ಬಾಯಾಡಿಸಿದ. ಏನೂ ಕೇಳಿಸಲಿಲ್ಲ. ಸಿಟ್ಟಿಗೆದ್ದಿದ್ದಾನೆ ಎಂದುಕೊಂಡು ಅವಳು ಒಳಗೆ ಹೋಗಿ, ಒಲೆ ಹಚ್ಚಿ, ನೀರು ಕುದಿಸಿ, ಸಕ್ಕರೆ ಹಾಕುವಾಗ ಹಿಂದಿನಿಂದ ದನಿ ಬಂತು.

"ಹೂಂ ಎವ್ವಾ, ಕುಡೀತೀನಿ."

ತಿರುಗಿ ನೋಡಿದಳು. ಹುಡುಗ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಕಣ್ಣಲ್ಲಿ ನೀರು.

ಅವತ್ತು ಗುರುವಾರ.

ಖಣಿಯ ತಗಡಿನ ಶೆಡ್ಡಿನ ಕೆಳಗೆ ಕುರ್ಚಿ ಹಾಕಿದ್ದರು. ಸಾಹೇಬರು ಎಳನೀರು ಕುಡಿದು, ಬಾಯಿ ಒರೆಸಿ, ಸಾಯಿಯನ್ನು ಕರೆಸಿದರು. ಪಕ್ಕದಲ್ಲಿ ಮಡಿವಾಳಯ್ಯ. ಸ್ವಲ್ಪ ದೂರದಲ್ಲಿ, ಬಿಸಿಲಲ್ಲಿ, ರಾಧಿಕಾ.

"ಭೋಂಗಾ ಆದ ಮೇಲೆ ಎಷ್ಟು ಹೊತ್ತು ಇಟ್ಟಿದ್ದಿರಿ? ಕಡಿಮೆ ಮಾಡಿದ್ದಿರೇನು?"

ಸಾಯಿ ಹೇಳಿದ. ಎಲ್ಲವನ್ನೂ ಹೇಳಿದ. ಕತ್ತಿನ ನರ ಉಬ್ಬಿತು, ತುಟಿಗಳು ಆಡಿದವು. ದನಿ ಇಲ್ಲ. ಕೈಯಿಂದ ಬರೆಯುವ ಹಾಗೆ ಮಾಡಿ ಸಾಹೇಬರ ಪೆನ್ನಿಗೆ ಕೈ ಚಾಚಿದ. ಮಡಿವಾಳಯ್ಯ ಆ ಕೈ ಹಿಡಿದು ಕೆಳಗಿಳಿಸಿದ.

"ಹುಡುಗ ಭಾಳ ಹೆದರ್‍ಯಾನ್ರಿ ಸಾಹೇಬ್ರ. ಬಾಯಿ ಬಿದ್ದದ."

"ನಿಂದ್ರಿ ಸಾಹೇಬ್ರ, ಜರಾ ನಿಂದ್ರಿ! ಅವ ಹೇಳ್ಲಿಕತ್ತಾನ!" ರಾಧಿಕಾ ಓಡಿ ಬಂದಳು.

"ಎಲ್ಲಿ ಹೇಳ್ತಿದಾನಮ್ಮಾ? ನಾನು ಸೇಡಂಗೆ ಹೋಗಬೇಕು." ಸಾಹೇಬರು ಗಡಿಯಾರ ನೋಡಿ ಎದ್ದರು. ಜೀಪು ಗರ್ರ್ ಎಂದಿತು. ಮಡಿವಾಳಯ್ಯನೂ ಹಿಂದೆ ಹತ್ತಿಕೊಂಡ. ರಾಧಿಕಾ ಬಾಗಿಲು ಹಿಡಿದು ಹತ್ತು ಮಾರು ಓಡಿ, ಬಿದ್ದಳು. ಧೂಳು ಎದ್ದಿತು. ಧೂಳು ಕೂತಿತು.

ಆಗ ಖಾಲಿ ಕುರ್ಚಿಯ ಮುಂದೆ ದನಿ ಬಂತು.

"ಅರ್ಧಕ್ಕಿಂತ ಕಡಿಮಿ ಮಾಡಿದ್ದೆ ಸಾಹೇಬ್ರ. ಮುಕಾದಮರು ಇಳಸು ಅಂದ್ರು, ನಾ ಇಳಿಸಿದೆ. ಆಕಿಗಿ ಹೇಳಲಿಲ್ಲ. ಆಯಿ ಕೂಗಿದ್ಲು. ನನಗ ಕೇಳಿಸ್ತು. ನಾ ಓ ಅನ್ಲಿಲ್ಲ."

ಕೇಳಿದವಳು ರಾಧಿಕಾ ಒಬ್ಬಳೇ.

ಆಮೇಲೆ ಸಾಯಿ, ರಾಧಿಕಾ ಇಬ್ಬರೂ ಹೋಗಿ ಬರೆದೂ ಕೊಟ್ಟರು. ವಿಚಾರಣೆ ಮುಗಿದಿದೆ, ಸಾಕ್ಷಿ ಏನೂ ಹೇಳಲಿಲ್ಲ ಎಂದು ಬರೆದಾಗಿದೆ ಎಂದು ಕಚೇರಿಯವರು ಹೇಳಿದರು. ಖಣಿ ಮತ್ತೆ ಶುರುವಾಗಿದೆ. ಪೆಟ್ಟಿಗೆಯಲ್ಲಿ ಅದೇ ಕತ್ತರಿಸಿದ ಹೊತ್ತು ಇದೆ. ಈಗ ಕೆಳಗೆ ಇಳಿದು ಕೂಗುವವರು ಯಾರೂ ಇಲ್ಲ. ಸಾಯಿಯನ್ನು ಊರವರು ಮೂಗ ಅನ್ನುತ್ತಾರೆ. ಅವನು ಮೂಗನಲ್ಲ. ಕೇಳಿದವರು ಅಷ್ಟು ಹೊತ್ತು ನಿಲ್ಲುವುದಿಲ್ಲ, ಅಷ್ಟೇ.

ಆ ಗೇಮಿನ ಡಬ್ಬಿಯನ್ನು ಅವನು ರಾಧಿಕಾಗೆ ಕೊಟ್ಟುಬಿಟ್ಟ. ಅವಳು ಹಿಂಬದಿ ಬಿಚ್ಚಿಸಿ ಬ್ಯಾಟರಿ ತೆಗೆಸಿ ಬೇರೆ ಇಟ್ಟಿದ್ದಾಳೆ. ಡಬ್ಬಿ ಗೂಡಿನಲ್ಲಿ, ಬ್ಯಾಟರಿ ಜೋಳದ ಗಡಿಗೆಯಲ್ಲಿ. ಮಧ್ಯಾಹ್ನ ಖಣಿಯಲ್ಲಿ ಭೋಂಗಾ ಕೂಗಿದರೆ ಗೂಡಿನಲ್ಲಿ ಆ ಡಬ್ಬಿಯ ಫ್ಯಾನು ಜುಂಯ್ ಅನ್ನುತ್ತದೆ. ಅತ್ತ ಧಡ್ಲ್ ಎಂದು ಸುರಂಗ ಹಾರುತ್ತದೆ. ಫ್ಯಾನು ನಿಲ್ಲುವುದಿಲ್ಲ. ಇನ್ನೂ ಅಷ್ಟು ಹೊತ್ತು ತಿರುಗಿ, ಆಮೇಲೆ ನಿಲ್ಲುತ್ತದೆ. ನಾನು ಅಲ್ಲಿ ಕೂತು ಕೇಳಿದ್ದೇನೆ. ಕೈ ಇಟ್ಟು ಗಾಳಿ ನೋಡಿದ್ದೇನೆ. ಇದು ಆದದ್ದು, ಆಗುತ್ತಿರುವುದು.

ನಂಬದಿದ್ದರೆ ರಾವೂರಿಗೆ ಹೋಗಿ. ಕಾಶಪ್ಪನ ಮಗ ಸಾಯಿಕುಮಾರನ ಮನೆ ಕೇಳಿ. ಎದುರಿಗೆ ಕೂತು, ಎಷ್ಟು ಹೊತ್ತು ಇಟ್ಟಿದ್ದೆ ಎಂದು ಕೇಳಿ. ಕೇಳಿ ಎದ್ದು ಬರಬೇಡಿ. ದನಿ ಬರುವ ತನಕ ಕೂತಿರಿ. ಕೇಳಿಸಿಕೊಂಡ ಮೇಲೆ ನೆಟ್ಟಗೆ ಖಣಿಗೆ ನಡೆದು, ಲಾರಿ ಬರುವ ದಾರಿಗೆ ಅಡ್ಡ ಕೂತುಬಿಡಿ. ಹೀರಾಬಾಯಿಯ ಹೊತ್ತು ಆ ಪೆಟ್ಟಿಗೆಗೆ ತಿರುಗಿ ಬರುವ ತನಕ ಏಳಬೇಡಿ.